ಬಿಪಿ ಏರಿತು, ಪೊಟ್ಯಾಸಿಯಂ ಇಳಿಯಿತು: ಬೇರು ಶ್ವಾಸಕೋಶದಲ್ಲಿದ್ದರೆ ಹಿಡಿಯುವುದು ಹೇಗೆ?

ಆರಿದ್ರಾ ಮಳೆ ಹಿಡಿದು ಹತ್ತು ಹನ್ನೆರಡು ದಿನವಾಗಿತ್ತು. ತೀರ್ಥಹಳ್ಳಿ ಸೀಮೆಯ ಅಕ್ಕನ ಮನೆಗೆ ಹೋದಾಗ ಭಾವ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. "ಏನ್ ಭಾವ, ಇಷ್ಟು ಕಪ್ಪಾಗಿದ್ದೀರಿ?" ಅಂದೆ. ಅಕ್ಕ ಒಳಗಿನಿಂದಲೇ "ತೋಟಕ್ಕೆ ಔಷಧಿ ಹೊಡೆಸೋ ಓಡಾಟ, ಬಿಸಿಲು" ಅಂದಳು. ಬಿಸಿಲೆಲ್ಲಿತ್ತು? ಊರಲ್ಲಿ ಯಾರೂ ಸೂರ್ಯನ ಮುಖ ಕಂಡಿರಲಿಲ್ಲ. ಆ ಉತ್ತರ ಕೇಳಿಸಿಕೊಂಡು ನಾನು ಸುಮ್ಮನೆ ಕಾಫಿ ಕುಡಿದೆ.

ಭಾವನಿಗೆ ಆಗ 58. ಎರಡು ತಿಂಗಳ ಹಿಂದಿನವರೆಗೆ ಬಿಪಿ ಅನ್ನುವುದೇ ಇರಲಿಲ್ಲ. ಆಮೇಲೆ ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು. ಆದರೂ 180ರ ಕೆಳಗೆ ಇಳಿಯಲೊಲ್ಲದು. ಬಚ್ಚಲಲ್ಲಿ ಮಣೆಯ ಮೇಲೆ ಕೂತರೆ ಏಳಲು ಹಂಡೆಯ ಕಟ್ಟೆ ಹಿಡಿಯಬೇಕಿತ್ತು. ಪ್ಯಾಂಟು ಸಡಿಲವಾಗಿತ್ತು, ಪಾದ ಮಾತ್ರ ಊದಿತ್ತು. ಹದಿನೆಂಟನೇ ವಯಸ್ಸಿನಿಂದ ಬೀಡಿ. ಈ ಎಲ್ಲವೂ ಒಂದೇ ರೋಗದ ತುಣುಕುಗಳು ಅಂತ ನಮಗೆ ಗೊತ್ತಾಗುವಷ್ಟರಲ್ಲಿ ಇನ್ನೂ ಆರು ವಾರ ಹೋಯಿತು. ಅದರಲ್ಲಿ ಎರಡು ವಾರ ಹಾಳಾದದ್ದು ನನ್ನದೇ ತಪ್ಪಿನಿಂದ. ಅದನ್ನು ಮುಂದೆ ಹೇಳುತ್ತೇನೆ.

ನಾನು ಡಾಕ್ಟರಲ್ಲ. ಶಿವಮೊಗ್ಗದ ಲ್ಯಾಬುಗಳಲ್ಲಿ ಇಪ್ಪತ್ತೆಂಟು ವರ್ಷ ರಕ್ತ, ಮೂತ್ರ ಪರೀಕ್ಷಿಸಿದ ಟೆಕ್ನಿಷಿಯನ್. ಯಾವ ಮಾತ್ರೆ, ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಅವರ ಮುಂದೆ ಏನು ಇಡಬೇಕು, ಏನು ಕೇಳಬೇಕು, ಸ್ಯಾಂಪಲ್ ಎಲ್ಲಿ ಕೆಡುತ್ತದೆ, ಇಷ್ಟೇ ನನಗೆ ಗೊತ್ತಿರುವುದು.

ಒಂದು ಮಾತು ಮೊದಲೇ ಇರಲಿ. ಶ್ವಾಸಕೋಶದ ಗಡ್ಡೆಯೊಂದು ಹಾರ್ಮೋನ್ ಸುರಿಸಿ ಬಿಪಿ ಏರಿಸುವ ಈ ಕಾಯಿಲೆ ಅಪರೂಪ. ಬಿಪಿ ಇರುವ ನೂರಕ್ಕೆ ತೊಂಬತ್ತು ಜನರಿಗೆ ಇಂಥದ್ದೇ ಅನ್ನುವ ಒಂದೇ ಕಾರಣ ಇರುವುದಿಲ್ಲ. ಬಿಪಿ ಜಾಸ್ತಿ, ಪೊಟ್ಯಾಸಿಯಂ ಕಡಿಮೆ ಇದ್ದರೂ ಮೂತ್ರ ಹೆಚ್ಚಿಸುವ ನೀರಿನ ಮಾತ್ರೆಯೋ ಮೈಯಲ್ಲಿ ಉಪ್ಪು ಹಿಡಿದಿಡುವ ಆಲ್ಡೋಸ್ಟೆರೋನ್ ಹಾರ್ಮೋನಿನ ಗಡಿಬಿಡಿಯೋ ಕಾರಣವಾಗಿರುವ ಸಂಭವವೇ ಹೆಚ್ಚು. ಹಾಗಾಗಿ ಓದಿ ಹೆದರಬೇಡಿ. ಆದರೆ ಬಿಪಿ ಹೊಸದಾಗಿ, ಜೋರಾಗಿ ಬಂದು, ಮೂರು ಮಾತ್ರೆಗೂ ಜಗ್ಗದೆ, ಜೊತೆಗೆ ತೊಡೆಯ ಶಕ್ತಿಯನ್ನೂ ಕಸಿದಿದ್ದರೆ ನಾಲ್ಕನೇ ಮಾತ್ರೆ ಬರೆಸಿಕೊಳ್ಳುವ ಮೊದಲು ಮುಂದಿನದನ್ನು ಓದಿ.

1. ಮೊದಲು ಬಿಪಿ ನಿಜವೇ ನೋಡಿ

ಬಸ್ಸಿಳಿದು, ಮೆಟ್ಟಿಲು ಹತ್ತಿ, ಏದುಸಿರಿನಲ್ಲೇ ಕೈಚಾಚಿದರೆ ಬರುವ ಬಿಪಿ ಲೆಕ್ಕಕ್ಕಿಲ್ಲ. ಬೀಡಿ, ಕಾಫಿ ಆಗಿ ಅರ್ಧ ಗಂಟೆ ಕಳೆದಿರಲಿ, ಮೂತ್ರಕ್ಕೆ ಹೋಗಿ ಬಂದಿರಲಿ. ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂತು, ತೋಳನ್ನು ಎದೆಯ ಮಟ್ಟಕ್ಕಿಟ್ಟು ಅಳೆಯಿರಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಬೆಳಿಗ್ಗೆ, ಸಂಜೆ, ಒಂದು ವಾರ. ಮನೆಯಲ್ಲಿ ಅಳೆದ ಸರಾಸರಿ 135/85 ಮುಟ್ಟಿದರೆ ಅದು ಹೆಚ್ಚೇ. 180/120 ದಾಟಿ ಎದೆನೋವು, ಕಣ್ಣು ಮಂಜು, ತೀವ್ರ ತಲೆನೋವು, ಮಾತು ತೊದಲುವುದು ಇದ್ದರೆ ವಾರ ಕಾಯುವ ಪ್ರಶ್ನೆಯೇ ಇಲ್ಲ, ಹೊರಡಿ.

2. ಮನೆಯ ಡಬ್ಬಿಗಳನ್ನು ಸುರುವಿ ನೋಡಿ

ಈ ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ. ಮಂಡಿನೋವಿಗೆಂದು ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಉಬ್ಬಸಕ್ಕೆ ತಂದ ಸಣ್ಣ ಬಿಳಿ ಮಾತ್ರೆ, ಸೊಂಟಕ್ಕೆ ಚುಚ್ಚಿಸಿಕೊಂಡ ಇಂಜೆಕ್ಷನ್, ಇವುಗಳಲ್ಲಿ ಸ್ಟೀರಾಯ್ಡ್ ಇರಬಹುದು. ಹೊರಗಿನಿಂದ ಬಂದ ಸ್ಟೀರಾಯ್ಡ್ ಕೂಡ ಮುಖ ಊದಿಸಿ, ಬಿಪಿ, ಶುಗರ್ ಏರಿಸುತ್ತದೆ. ಎಲ್ಲವನ್ನೂ ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಆದರೆ ಬಹುದಿನ ತೆಗೆದುಕೊಂಡ ಸ್ಟೀರಾಯ್ಡನ್ನು ನೀವೇ ಥಟ್ಟನೆ ನಿಲ್ಲಿಸಬೇಡಿ. ಅದು ಜೀವಕ್ಕೇ ಕುತ್ತು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳೂ ಬಿಪಿ ಏರಿಸುತ್ತವೆ.

ಮಲೆನಾಡಿನವರು ವಿಶೇಷವಾಗಿ ನೋಡಬೇಕಾದದ್ದು ಜ್ಯೇಷ್ಠಮಧು. ಮಳೆಗಾಲದ ಕೆಮ್ಮಿಗೆ ಅದರ ಬೇರನ್ನು ದವಡೆಯಲ್ಲಿ ಇಟ್ಟುಕೊಂಡು ದಿನಗಟ್ಟಲೆ ಚೀಪುವವರು ಎಲ್ಲ ಮನೆಯಲ್ಲೂ ಇದ್ದಾರೆ. ವಾರಗಟ್ಟಲೆ ಹೆಚ್ಚು ಸೇವಿಸಿದರೆ ಅದೊಂದೇ ಸಾಕು, ಬಿಪಿ ಏರಿ ಪೊಟ್ಯಾಸಿಯಂ ಇಳಿಯಲು. ಭಾವನೂ ಚೀಪುತ್ತಿದ್ದರು. ಬಿಡಿಸಿದೆವು. ಎರಡು ವಾರ ಕಾದೆವು. ಬಿಪಿ ಇಳಿಯಲಿಲ್ಲ.

3. ಪೊಟ್ಯಾಸಿಯಂ ನೋಡಿ, ಸರಿಯಾದ ಸ್ಯಾಂಪಲ್‌ನಲ್ಲಿ ನೋಡಿ

ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕು. ರಿಪೋರ್ಟಿನಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಅಂತ ಮೂರು ಸಾಲಾಗಿ, ಸೀರಂ ಎಲೆಕ್ಟ್ರೋಲೈಟ್ಸ್ ಅನ್ನುವ ಹೆಸರಿನಲ್ಲಿ ಬರುತ್ತದೆ. ಖರ್ಚು ಹೆಚ್ಚಿಲ್ಲ, ತಾಲೂಕು ಕೇಂದ್ರಗಳ ಲ್ಯಾಬುಗಳಲ್ಲೂ ಮಾಡುತ್ತಾರೆ. ಹೊಸದಾಗಿ ಬಿಪಿ ಬಂದ ಪ್ರತಿಯೊಬ್ಬರಿಗೂ ಒಮ್ಮೆ ಮಾಡಿಸಬೇಕು ಅನ್ನುವುದು ಎಲ್ಲ ಡಾಕ್ಟರಿಗೂ ಗೊತ್ತು. ಸಾಲಿನಲ್ಲಿ ಎಂಬತ್ತು ಜನ ಕಾಯುತ್ತಿರುವಾಗ ಬಿಟ್ಟುಹೋಗುತ್ತದೆ, ಅಷ್ಟೇ. ನೀವು ಕೇಳಿ ಬರೆಸಿಕೊಳ್ಳಿ.

ಈಗ ನನ್ನ ತಪ್ಪು. ಆ ದಿನ ಭಾವನ ರಕ್ತ ತೆಗೆದದ್ದು ನಾನೇ. ಸಿಕ್ಕದ ನರಕ್ಕೆ ತೋಳು ಬಿಗಿಯಾಗಿ ಕಟ್ಟಿ, ಮುಷ್ಟಿ ಬಿಚ್ಚಿ ಮುಚ್ಚಿ ಮಾಡಿಸಿ, ಸಣ್ಣ ಸೂಜಿಯಲ್ಲಿ ಜಗ್ಗಿ ತೆಗೆದೆ. ಕೆಡಬಾರದೆಂದು ಥರ್ಮಾಸ್‌ನಲ್ಲಿ ಐಸ್ ಹಾಕಿ, ಅದರೊಳಗೆ ಟ್ಯೂಬಿಟ್ಟು, ಬಸ್ಸಿನಲ್ಲಿ ಶಿವಮೊಗ್ಗಕ್ಕೆ ತಂದೆ. ಲ್ಯಾಬ್ ಮುಟ್ಟುವಾಗ ಮೂರು ಗಂಟೆ ದಾಟಿತ್ತು. ಮೆಷಿನ್ನಿನಲ್ಲಿ ತಿರುಗಿಸಿ ನೋಡಿದರೆ ಸೀರಂ, ಅಂದರೆ ರಕ್ತಕಣಗಳಿಂದ ಬೇರ್ಪಟ್ಟು ಮೇಲೆ ನಿಲ್ಲುವ ತಿಳಿ, ತಿಳಿಹಳದಿ ಇರುವ ಬದಲು ನಸುಗೆಂಪು. ಮೆಷಿನ್ 3.7 ತೋರಿಸಿತು. ನಾರ್ಮಲ್ ಅಂದುಕೊಂಡು ಫೋನ್ ಮಾಡಿ ಹೇಳಿಯೂಬಿಟ್ಟೆ.

ಕೆಂಪು ರಕ್ತಕಣದೊಳಗೆ ಪೊಟ್ಯಾಸಿಯಂ ತುಂಬಿರುತ್ತದೆ. ಕಣ ಒಡೆದರೆ ಹೊರಗೆ ಸುರಿಯುತ್ತದೆ. ಸೀರಂ ಬೇರ್ಪಡಿಸದ ರಕ್ತವನ್ನು ತಣ್ಣಗಿಟ್ಟರೆ ಒಡೆಯದೆಯೂ ಸೋರುತ್ತದೆ. ಹಾಗಾಗಿ ಕೆಟ್ಟ ಸ್ಯಾಂಪಲ್ ಕಡಿಮೆ ಇರುವ ಪೊಟ್ಯಾಸಿಯಂ ಅನ್ನು ಎತ್ತಿ ನಾರ್ಮಲ್ ಎಂದು ತೋರಿಸುತ್ತದೆ. ಇಪ್ಪತ್ತೆಂಟು ವರ್ಷ ಹುಡುಗರಿಗೆ ಇದನ್ನೇ ಪಾಠ ಹೇಳಿದವನು ನಾನು. ಎರಡು ವಾರದ ಮೇಲೆ ಭಾವನನ್ನು ಲ್ಯಾಬಿಗೇ ಕರೆಸಿ ಅಲ್ಲೇ ತೆಗೆದು ಅಲ್ಲೇ ಹಾಕಿದಾಗ ಬಂದದ್ದು 2.4.

ಆದ್ದರಿಂದ ಲ್ಯಾಬಿಗೆ ನೀವೇ ಹೋಗಿ, ಮನೆಗೆ ಕರೆಸಬೇಡಿ. ಮುಷ್ಟಿ ಹಿಸುಕಬೇಡಿ. ರಿಪೋರ್ಟಿನ ಮೂಲೆಯಲ್ಲಿ ‘ಹೀಮೊಲೈಸ್ಡ್’ (ರಕ್ತಕಣ ಒಡೆದಿದೆ) ಅಂತ ಬರೆದಿದ್ದರೆ ಆ ಸಂಖ್ಯೆಯನ್ನು ನಂಬದೆ ಮತ್ತೆ ಕೊಡಿ. 3.5ಕ್ಕಿಂತ ಕಡಿಮೆ ಬಂದರೆ ಚೀಟಿಯಲ್ಲಿ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್, ಫ್ಯೂರೋಸಮೈಡ್ ಇದೆಯೇ ಎಂದು ಡಾಕ್ಟರನ್ನು ಕೇಳಿ. ಇವು ಮೂತ್ರದಲ್ಲಿ ಪೊಟ್ಯಾಸಿಯಂ ಹರಿಸುತ್ತವೆ. ಭಾವನ ಮೂರನೇ ಮಾತ್ರೆಯಲ್ಲಿ ಇವುಗಳಲ್ಲೊಂದು ಸೇರಿತ್ತು. ಒಣಗುತ್ತಿದ್ದ ಕೆರೆಗೆ ಇನ್ನೊಂದು ತೂಬು ಕಿತ್ತ ಹಾಗಾಯಿತು. 2.5ರ ಆಸುಪಾಸಿಗೆ ಇಳಿದರೆ ಹೃದಯದ ಬಡಿತ ತಪ್ಪುವ ಅಪಾಯ ಇರುತ್ತದೆ. ಆ ದಿನವೇ ಆಸ್ಪತ್ರೆಗೆ ಸೇರಿ, ಇಸಿಜಿ ಆಗಲಿ.

ಶ್ವಾಸಕೋಶಕ್ಕೂ ಬಿಪಿಗೂ ಏನು ಸಂಬಂಧ?

ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಅನ್ನುವ ಹಾರ್ಮೋನನ್ನು ಬಿಡುತ್ತದೆ. ಅದು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಕಾರ್ಟಿಸಾಲ್, ಅಂದರೆ ಮೈಯೇ ತಯಾರಿಸುವ ಸ್ಟೀರಾಯ್ಡ್, ಮಾಡು ಅನ್ನುತ್ತದೆ. ಸಾಕಾದಾಗ ಪಿಟ್ಯುಟರಿ ತಾನೇ ಸುಮ್ಮನಾಗುತ್ತದೆ. ಶ್ವಾಸಕೋಶದ ಕೆಲವು ಗಡ್ಡೆಗಳು ಇದೇ ಎಸಿಟಿಎಚ್ ತಯಾರಿಸಲು ಶುರುಮಾಡುತ್ತವೆ, ಅವಕ್ಕೆ ಸುಮ್ಮನಾಗುವುದು ಗೊತ್ತಿಲ್ಲ. ಅಡ್ರಿನಲ್ ಹಗಲೂ ರಾತ್ರಿ ಕಾರ್ಟಿಸಾಲ್ ಸುರಿಸುತ್ತದೆ. 1928ರಲ್ಲೇ ಬ್ರೌನ್ ಎಂಬ ವೈದ್ಯರು ಶ್ವಾಸಕೋಶದ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬರಲ್ಲಿ ಈ ಲಕ್ಷಣಗಳನ್ನು ಬರೆದಿಟ್ಟಿದ್ದರು. ಗಡ್ಡೆಯೇ ಹಾರ್ಮೋನ್ ಮಾಡುತ್ತದೆ ಎಂದು ಅಮೆರಿಕದ ಗ್ರಾಂಟ್ ಲಿಡ್ಲ್ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು 1960ರ ದಶಕದಲ್ಲಿ. ಡಾಕ್ಟರುಗಳು ಇದನ್ನು ಎಕ್ಟೋಪಿಕ್ ಎಸಿಟಿಎಚ್ ಸಿಂಡ್ರೋಮ್ ಅನ್ನುತ್ತಾರೆ. ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಸಿಂಡ್ರೋಮಿನ ಒಂದು ಕವಲು.

ಇನ್ನು ಬಿಪಿ. ಮೂತ್ರಪಿಂಡದಲ್ಲಿ ಉಪ್ಪು ಹಿಡಿದಿಟ್ಟು ಪೊಟ್ಯಾಸಿಯಂ ಬಿಡುವ ಒಂದು ಬಾಗಿಲಿದೆ. ಅದನ್ನು ತೆರೆಯುವ ಹಕ್ಕು ಆಲ್ಡೋಸ್ಟೆರೋನಿಗೆ. ಕಾರ್ಟಿಸಾಲಿನ ಕೀಲಿಯೂ ಅದಕ್ಕೆ ಹೊಂದುತ್ತದೆ. ಆದರೆ ತೋಟದ ಉಣಗೋಲಿನ ಬಳಿ ಕಾವಲುಗಾರ ನಿಂತ ಹಾಗೆ ಅಲ್ಲಿ ಒಂದು ಕಿಣ್ವ ನಿಂತಿರುತ್ತದೆ, ಬಂದ ಕಾರ್ಟಿಸಾಲನ್ನು ಹಲ್ಲು ಕಿತ್ತು ಕಾರ್ಟಿಸೋನ್ ಮಾಡಿ ಕಳಿಸುತ್ತದೆ. ಒಬ್ಬನೇ ಕಾವಲುಗಾರ ಎಷ್ಟು ದನ ತಡೆದಾನು? ಮಂದೆಯೇ ನುಗ್ಗಿದರೆ ತೋಟ ಹೋಯಿತು. ಕಾರ್ಟಿಸಾಲ್ ಒಳನುಗ್ಗಿ ಉಪ್ಪು, ನೀರು ಹಿಡಿದಿಡುತ್ತದೆ, ಬಿಪಿ ಏರುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ. ಜ್ಯೇಷ್ಠಮಧು ಮಾಡುವುದೂ ಇದನ್ನೇ, ಬೇರೆ ದಾರಿಯಲ್ಲಿ: ಅದು ಕಾವಲುಗಾರನನ್ನೇ ಮಲಗಿಸುತ್ತದೆ.

4. ಮೈ ನೋಡಿ, ಹಳೆಯ ಫೋಟೋ ಪಕ್ಕದಲ್ಲಿಟ್ಟು ನೋಡಿ

ಪುಸ್ತಕದಲ್ಲಿ ಬರೆದಿರುವ ಚಂದ್ರನಂಥ ದುಂಡು ಮುಖ, ಕುತ್ತಿಗೆ ಹಿಂದೆ ಕೊಬ್ಬಿನ ಗುಡ್ಡೆ, ಹೊಟ್ಟೆಯ ಮೇಲೆ ನೇರಳೆ ಪಟ್ಟೆ, ಮುಟ್ಟಿದರೆ ನೀಲಿಗಟ್ಟುವ ಚರ್ಮ, ಇವೆಲ್ಲ ಮೂಡಲು ಸಮಯ ಬೇಕು. ಬ್ರಾಂಕಿಯಲ್ ಕಾರ್ಸಿನಾಯ್ಡ್ ಅನ್ನುವ ನಿಧಾನದ ಗಡ್ಡೆಯಲ್ಲಿ ಹೀಗಾಗುತ್ತದೆ. ಅದು ಬೀಡಿ ಮುಟ್ಟದವರಿಗೂ, ಚಿಕ್ಕ ವಯಸ್ಸಿನವರಿಗೂ ಬರಬಹುದು. ಮುಖ ದಪ್ಪಗಾಗಿದೆ, ಸುಖದ ಮೈ ಅಂದುಕೊಂಡು ವರ್ಷಗಳೇ ಕಳೆಯಬಹುದು.

ಸ್ಮಾಲ್ ಸೆಲ್ ಕ್ಯಾನ್ಸರ್ ಹಾಗಲ್ಲ. ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಸುಮಾರು ನೂರಕ್ಕೆ 15 ಈ ಜಾತಿಯವು, ಬಹುಪಾಲು ಧೂಮಪಾನಿಗಳಲ್ಲಿ. ಅವರಲ್ಲೂ ನೂರರಲ್ಲಿ ಬೆರಳೆಣಿಕೆಯ ಜನರಿಗಷ್ಟೇ ಈ ಹಾರ್ಮೋನಿನ ಕಾಟ. ಆದರೆ ಬಂದರೆ ವಾರಗಳಲ್ಲಿ ಬರುತ್ತದೆ. ಮೈ ದಪ್ಪವಾಗುವ ಬದಲು ಬಡಕಲಾಗುತ್ತದೆ. ಪಾದ ಊದುತ್ತದೆ, ಶುಗರ್ ಹೊಸದಾಗಿ ಏರುತ್ತದೆ, ನಿದ್ದೆ ಕೆಡುತ್ತದೆ, ಮನಸ್ಸು ಕೆರಳುತ್ತದೆ. ಎಸಿಟಿಎಚ್ ವಿಪರೀತವಾದಾಗ ಚರ್ಮ ಕಪ್ಪಾಗುತ್ತದೆ. ಬೆರಳಿನ ಗೆಣ್ಣು, ಅಂಗೈ ಗೆರೆ, ವಸಡು, ಹಳೆಯ ಗಾಯದ ಕಲೆ ನೋಡಿ. ನಮ್ಮಂಥ ಎಣ್ಣೆಗಪ್ಪಿನವರಲ್ಲಿ ಕಣ್ಣಿಗೆ ಬೀಳುವುದು ಕಷ್ಟ, ಅದಕ್ಕೇ ಹಳೆಯ ಫೋಟೋ ಬೇಕು. ಭಾವನ ಗೆಣ್ಣುಗಳ ಮೇಲೆ ಅಡಿಕೆ ಸುಲಿದ ಕರೆ ಹಿಡಿದ ಹಾಗಿತ್ತು. ಅಡಿಕೆ ಕೊಯ್ಲಿಗೆ ಇನ್ನೂ ನಾಲ್ಕು ತಿಂಗಳಿತ್ತು.

ಇನ್ನೊಂದು ಸುಲಭದ ಪರೀಕ್ಷೆ: ಕೈ ಊರದೆ ಕುರ್ಚಿಯಿಂದ ಐದು ಸಲ ಏಳಲು ಹೇಳಿ. ಪಕ್ಕದಲ್ಲಿ ಹಿಡಿಯಲು ಒಬ್ಬರು ನಿಂತಿರಿ. ಸಕ್ಕರೆ ಚೀಲ ಎತ್ತುತ್ತಿದ್ದವರು ಎರಡನೇ ಸಲಕ್ಕೇ ಕೂತುಬಿಟ್ಟರೆ ಅದನ್ನು ಬರೀ ಸುಸ್ತು ಅನ್ನಬೇಡಿ.

5. ಕಾರ್ಟಿಸಾಲ್ ಪರೀಕ್ಷೆ: ಎರಡು ರಾತ್ರಿಯ ಕೆಲಸ

ಇದನ್ನು ಫಿಜಿಷಿಯನ್ ಅಥವಾ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರ್) ಬರೆಯುತ್ತಾರೆ. ಬೆಳಗಿನ ಹೊತ್ತು ಒಂದು ಕಾರ್ಟಿಸಾಲ್ ನೋಡಿ ಕೈಬಿಡುವುದುಂಟು. ಬೆಳಿಗ್ಗೆ ಎಲ್ಲರಿಗೂ ಕಾರ್ಟಿಸಾಲ್ ಹೆಚ್ಚೇ ಇರುತ್ತದೆ, ಅದೊಂದರಿಂದ ಏನೂ ತೀರ್ಮಾನ ಆಗದು. ನೋಡಬೇಕಾದದ್ದು ರಾತ್ರಿ ಅದು ಇಳಿಯುತ್ತದೆಯೇ, ತಡೆದರೆ ತಗ್ಗುತ್ತದೆಯೇ ಅನ್ನುವುದು.

24 ಗಂಟೆಯ ಮೂತ್ರ: ಲ್ಯಾಬಿನಿಂದಲೇ ಕ್ಯಾನ್ ತನ್ನಿ. ಮನೆಯ ಎಣ್ಣೆ ಡಬ್ಬಿ ಬೇಡ. ಬೆಳಿಗ್ಗೆ ಆರಕ್ಕೆ ಎದ್ದು ಮೊದಲ ಮೂತ್ರವನ್ನು ಹೊರಗೆ ಬಿಡಿ, ಗಂಟೆ ಬರೆದುಕೊಳ್ಳಿ. ಅಲ್ಲಿಂದ ಪ್ರತಿ ಹನಿಯೂ ಕ್ಯಾನಿಗೆ, ಮಾರನೇ ದಿನ ಬೆಳಿಗ್ಗೆ ಆರರದ್ದೂ ಸೇರಿ. ತೋಟಕ್ಕೆ ಹೋದವರು ಅಲ್ಲೇ ಮರದ ಬುಡದಲ್ಲಿ ಮುಗಿಸಿ ಬರುತ್ತಾರೆ. ಒಂದು ಸಲ ತಪ್ಪಿದರೂ ಲೆಕ್ಕ ಕೆಟ್ಟಿತು, ಆ ದಿನ ಮನೆಯಲ್ಲೇ ಇರಿ. ಕ್ಯಾನನ್ನು ತಂಪಾದ ಜಾಗದಲ್ಲಿಡಿ. ಪೂರಾ ಕ್ಯಾನನ್ನೇ ತನ್ನಿ, ಸೀಸೆಯಲ್ಲಿ ಸ್ವಲ್ಪ ತಂದರೆ ಒಟ್ಟು ಅಳತೆ ಸಿಗುವುದಿಲ್ಲ.

ಡೆಕ್ಸಾಮೆಥಾಸೋನ್ ಪರೀಕ್ಷೆ: ರಾತ್ರಿ 11ಕ್ಕೆ 1 ಮಿಲಿಗ್ರಾಂ, ಅಂದರೆ 0.5ರ ಎರಡು ಮಾತ್ರೆ. ಮರುದಿನ ಬೆಳಿಗ್ಗೆ 8ರಿಂದ 9ರೊಳಗೆ ರಕ್ತ. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಮಿಗಿಂತ ಕೆಳಗಿಳಿಯುತ್ತದೆ. ಹೊಸನಗರ, ಆಗುಂಬೆ ಕಡೆಯವರು ಬೆಳಗಿನ ಬಸ್ ಹಿಡಿದು ಬಂದರೆ ಸಮಯ ಮೀರುತ್ತದೆ. ಹಿಂದಿನ ರಾತ್ರಿಯೇ ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲಿ ಉಳಿಯಿರಿ, ಅಲಾರಂ ಇಟ್ಟು ಮಾತ್ರೆ ನುಂಗಿ. ಟಿಬಿಯ ರಿಫಾಂಪಿಸಿನ್, ಫಿಟ್ಸಿನ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಅವು ಈ ಮಾತ್ರೆಯನ್ನು ಬೇಗ ಕರಗಿಸಿ, ಇಲ್ಲದ ರೋಗವನ್ನು ಇದೆ ಎಂದು ತೋರಿಸುತ್ತವೆ.

ಎರಡೂ ಎತ್ತರ ಬಂದರೆ ಎಸಿಟಿಎಚ್ ನೋಡುತ್ತಾರೆ. ಇದಕ್ಕೆ ಐಸ್ ಬೇಕೇ ಬೇಕು. ಪೊಟ್ಯಾಸಿಯಂಗೆ ಆಗದ ಐಸ್ ಎಸಿಟಿಎಚ್‌ಗೆ ಪ್ರಾಣ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದು, ಐಸಿನಲ್ಲಿಟ್ಟು, ಬೇಗ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಬೇಕು. ಇಲ್ಲವಾದರೆ ಹಾರ್ಮೋನ್ ಕರಗಿ, ಹೆಚ್ಚಿರುವುದೂ ಕಡಿಮೆ ಕಾಣುತ್ತದೆ. ಸ್ಯಾಂಪಲ್ಲನ್ನು ಹೇಗೆ ಕಳಿಸುತ್ತೀರಿ ಎಂದು ಕೇಳಿ. "ಸಂಜೆ ಹುಡುಗ ಬಂದು ಒಯ್ತಾನೆ" ಅಂದರೆ ಬೇರೆ ಲ್ಯಾಬ್ ನೋಡಿ. ಹೊರಗಿನ ಸ್ಟೀರಾಯ್ಡ್ ಕಾರಣವಾಗಿದ್ದರೆ ಎಸಿಟಿಎಚ್ ತೀರಾ ಕಡಿಮೆ ಇರುತ್ತದೆ. ಮಿಲಿಲೀಟರಿಗೆ 20 ಪಿಕೋಗ್ರಾಮಿಗಿಂತ ಹೆಚ್ಚಿದ್ದರೆ ಮೂಲ ಪಿಟ್ಯುಟರಿ ಅಥವಾ ಬೇರೆಲ್ಲೋ ಇರುವ ಗಡ್ಡೆ. ಭಾವನದು ನೂರುಗಳಲ್ಲಿತ್ತು.

6. ಎದೆಯ ಚಿತ್ರ

ಎಕ್ಸ್‌ರೇ ಸರಿಯಿದೆ ಅಂದಮಾತ್ರಕ್ಕೆ ನಿರಾಳವಾಗಬೇಡಿ. ಕಾರ್ಸಿನಾಯ್ಡ್ ಒಂದು ಸೆಂಟಿಮೀಟರಿನಷ್ಟೇ ಇದ್ದು, ಹೃದಯದ ನೆರಳಲ್ಲಿ ಅಡಗಿರಬಹುದು. ಕಾಂಟ್ರಾಸ್ಟ್ ಹಾಕಿದ ಎದೆಯ ಸಿಟಿ ಬೇಕು. ಅದರಲ್ಲೂ ಸಿಗದಿದ್ದರೆ ಗ್ಯಾಲಿಯಂ-68 ಡೊಟಾಟೇಟ್ ಪೆಟ್ ಸ್ಕ್ಯಾನ್ ಮಾಡುತ್ತಾರೆ, ಅದಕ್ಕೆ ದೊಡ್ಡ ಊರಿಗೇ ಹೋಗಬೇಕು. ನಮ್ಮ ಕಡೆ ಎಕ್ಸ್‌ರೇಯಲ್ಲಿ ಕಲೆ ಕಂಡರೆ ಟಿಬಿ ಅನ್ನುವ ಅಭ್ಯಾಸವಿದೆ. ಟಿಬಿ ಇರಲೂಬಹುದು, ಕಫ ಪರೀಕ್ಷೆ ಮಾಡಿಸಿ. ಆದರೆ ಕಫದಲ್ಲಿ ಸಿಗದೆ, ಅಂದಾಜಿನ ಮೇಲೆ ಟಿಬಿ ಮಾತ್ರೆ ಶುರುಮಾಡಿ, ತಿಂಗಳಾದರೂ ಕಲೆ ಕರಗದಿದ್ದರೆ ಬಯಾಪ್ಸಿ, ಅಂದರೆ ಆ ಜಾಗದ ತುಣುಕು ತೆಗೆದು ನೋಡುವ ಪರೀಕ್ಷೆ, ಕೇಳಿ.

ಕೆಲವೊಮ್ಮೆ ತಲೆಯ ಎಂಆರ್‌ಐ ಮೊದಲು ಆಗಿ ಪಿಟ್ಯುಟರಿಯಲ್ಲಿ ಸಣ್ಣ ಚುಕ್ಕೆ ಕಾಣುತ್ತದೆ. ಏನೂ ಇಲ್ಲದ ಹತ್ತರಲ್ಲಿ ಒಬ್ಬರಿಗೆ ಅಂಥ ಚುಕ್ಕೆ ಇರುತ್ತದೆ. ಚುಕ್ಕೆ ಕಂಡಿತೆಂದು ತಲೆಯ ಆಪರೇಷನ್‌ಗೆ ಹೊರಡಬೇಡಿ. ಸಂಶಯವಿದ್ದರೆ ಪಿಟ್ಯುಟರಿಯಿಂದ ಇಳಿದು ಬರುವ ರಕ್ತನಾಳದಲ್ಲೇ ಎಸಿಟಿಎಚ್ ಅಳೆಯುವ ಪರೀಕ್ಷೆಯಿದೆ, ದೊಡ್ಡ ಕೇಂದ್ರಗಳಲ್ಲಿ ಮಾಡುತ್ತಾರೆ.

7. ಎಲ್ಲಿಗೆ, ಯಾವ ಕಾಗದದೊಂದಿಗೆ

ಪೊಟ್ಯಾಸಿಯಂ ತುರ್ತಿಗೆ ಹತ್ತಿರದ ತಾಲೂಕು ಆಸ್ಪತ್ರೆ, ಇಲ್ಲವೇ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮೆಗ್ಗಾನ್ ಬೋಧನಾ ಆಸ್ಪತ್ರೆ. ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ, ಅಥವಾ ಘಟ್ಟದ ಕೆಳಗೆ ಮಣಿಪಾಲ, ಮಂಗಳೂರು. ತೀರ್ಥಹಳ್ಳಿ, ಹೊಸನಗರದವರಿಗೆ ಮಣಿಪಾಲವೇ ಹತ್ತಿರ. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದಿದೆಯೇ, ಸಂಚಾರ ತಡೆದಿದ್ದಾರೆಯೇ ಕೇಳಿಕೊಂಡು ಹೊರಡಿ. ಎಲ್ಲಿಗೇ ಹೋದರೂ ಕ್ಯಾನ್ಸರ್ ಡಾಕ್ಟರ್ ಮತ್ತು ಹಾರ್ಮೋನ್ ಡಾಕ್ಟರ್ ಇಬ್ಬರೂ ಒಂದೇ ಕಟ್ಟಡದಲ್ಲಿ ಇರುವ ಜಾಗ ಒಳ್ಳೆಯದು. ನಾವು ಇಬ್ಬರ ನಡುವೆ ಚೀಟಿ ಹಿಡಿದು ಆಟೋದಲ್ಲಿ ಓಡಾಡಿದ್ದೇ ಮೂರು ದಿನ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟು. ರೇಷನ್ ಕಾರ್ಡ್, ಆಧಾರ್ ಜೊತೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನೂ ಮೊದಲೇ ಮಾಡಿಸಿಕೊಳ್ಳಿ. ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್ ಎರಡನ್ನೂ ಕೇಳಿ ತೆಗೆದುಕೊಳ್ಳಿ, ಬರೀ ರಿಪೋರ್ಟ್ ಸಾಲದು.

8. ಚಿಕಿತ್ಸೆ: ಬೆಂಕಿ ಒಂದು ಕಡೆ, ಹೊಗೆ ಒಂದು ಕಡೆ

ಕಾರ್ಸಿನಾಯ್ಡ್ ಆಗಿದ್ದರೆ ಗಡ್ಡೆ ಕತ್ತರಿಸಿ ತೆಗೆಯುವುದೇ ಮುಖ್ಯ. ಪೂರ್ತಿ ಬಂದರೆ ಬಿಪಿ, ಶುಗರ್ ಎರಡೂ ತಾವಾಗಿ ಇಳಿಯಬಹುದು, ರೋಗವೂ ವಾಸಿಯಾಗಬಹುದು. ಸ್ಮಾಲ್ ಸೆಲ್ ಆಗಿದ್ದರೆ ಸಾಮಾನ್ಯವಾಗಿ ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಜೊತೆ ಎಟೊಪೊಸೈಡ್ ಕೀಮೋ, ಹಂತ ನೋಡಿ ರೇಡಿಯೇಷನ್ ಅಥವಾ ಇಮ್ಯೂನೋಥೆರಪಿ. ಕಾರ್ಟಿಸಾಲ್ ಏರಿದ ಸ್ಮಾಲ್ ಸೆಲ್ ಕ್ಯಾನ್ಸರ್ ಹೆಚ್ಚು ಕಠಿಣ. ಇದನ್ನು ಡಾಕ್ಟರು ಹೇಳಲು ಹಿಂಜರಿಯುತ್ತಾರೆ, ಮನೆಯವರು ಕೇಳಲು.

ಕೀಮೋ ಶುರುವಾಗುವ ಮೊದಲೇ ಕಾರ್ಟಿಸಾಲ್ ತಗ್ಗಿಸುವ ಪ್ರಯತ್ನ ಆಗಬೇಕು, ಯಾಕೆಂದರೆ ಎತ್ತರದ ಕಾರ್ಟಿಸಾಲ್ ರೋಗನಿರೋಧಕ ಶಕ್ತಿಯನ್ನು ಆಗಲೇ ಮುರಿದಿರುತ್ತದೆ. ಅದರ ಮೇಲೆ ಕೀಮೋ ಬಿದ್ದರೆ ಸೋಂಕು ಕಾದು ಕೂತಿರುತ್ತದೆ. "ಕಾರ್ಟಿಸಾಲ್‌ಗೆ ಏನು ಕೊಡ್ತಿದ್ದೀರಿ ಸರ್?" ಅಂತ ಕೇಳಿ. ಕೀಟೊಕೊನಜೋಲ್ 200 ಮಿಲಿಗ್ರಾಂ ಮಾತ್ರೆ, ಮೆಟಿರಾಪೋನ್, ತೀರಾ ತುರ್ತಿದ್ದರೆ ಐಸಿಯುನಲ್ಲಿ ಎಟೊಮಿಡೇಟ್, ಯಾವುದಕ್ಕೂ ಬಗ್ಗದಿದ್ದರೆ ಎರಡೂ ಅಡ್ರಿನಲ್ ತೆಗೆಯುವುದು ಇವೆ. ಕೀಟೊಕೊನಜೋಲ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಗ್ಯಾಸ್ ಮಾತ್ರೆ ಜೊತೆಗೆ ನುಂಗಿದರೆ ಬಹುಪಾಲು ವ್ಯರ್ಥ. ಅದು ಲಿವರಿಗೆ ತೊಂದರೆ ಕೊಡಬಲ್ಲದು, ರಕ್ತ ಪರೀಕ್ಷೆ ತಪ್ಪಿಸಬೇಡಿ.

ಬಿಪಿಗೆ ಇಲ್ಲಿ ಹಿಡಿಯುವ ಮದ್ದು ಸ್ಪೈರೊನೊಲ್ಯಾಕ್ಟೋನ್. ಕಾರ್ಟಿಸಾಲ್ ನುಗ್ಗುವ ಆ ಬಾಗಿಲಿಗೇ ಅದು ಅಡ್ಡ ನಿಲ್ಲುತ್ತದೆ. ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಸಿರಪ್, ನೀರಿನಲ್ಲಿ ಬೆರೆಸಿ, ಊಟವಾದ ಮೇಲೆ. ಇಲ್ಲೊಂದು ಬಲೆಯಿದೆ. ಕಾರ್ಟಿಸಾಲ್ ಇಳಿದ ಮೇಲೂ ಇವನ್ನು ಹಳೆಯ ಪ್ರಮಾಣದಲ್ಲೇ ನುಂಗುತ್ತಿದ್ದರೆ ಪೊಟ್ಯಾಸಿಯಂ ಈ ಸಲ ಮೇಲಕ್ಕೆ ಹಾರುತ್ತದೆ. ನ್ಯುಮೋನಿಯಾ ತಡೆಯಲು ಕೊಡುವ ಕೋಟ್ರೈಮಾಕ್ಸಜೋಲ್ ಕೂಡ ಅದನ್ನು ಏರಿಸುತ್ತದೆ. ಶುರುವಿನಲ್ಲಿ ವಾರಕ್ಕೆ ಒಂದೆರಡು ಸಲ ಪರೀಕ್ಷೆ ಆಗಲಿ.

ಕಾರ್ಟಿಸಾಲ್ ತೀರಾ ಇಳಿದರೂ ಅಪಾಯವೇ. ವಾಂತಿ, ತಲೆಸುತ್ತು, ಬಿಪಿ 90ಕ್ಕೆ ಇಳಿಯುವುದು, ವಿಪರೀತ ನಿಶ್ಶಕ್ತಿ ಕಂಡರೆ ಕೀಮೋದ ಸುಸ್ತು ಅಂದುಕೊಂಡು ಮಲಗಿಸಬೇಡಿ. ಹೈಡ್ರೋಕಾರ್ಟಿಸೋನ್ ಬೇಕಾಗಿರಬಹುದು.

9. ಮನೆಯಲ್ಲಿ

ಉಪ್ಪು ಇಳಿಸಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಉಪ್ಪುಮೆಣಸು ದೂರವಿಡಿ. ಗಂಜಿ ಜೊತೆ ಉಪ್ಪಿನಕಾಯಿ ಇಲ್ಲ ಅಂದರೆ ನಮ್ಮವರು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ. ಎಳನೀರು, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಇದೆ ನಿಜ, ಆದರೆ 2.4ನ್ನು ಎಳನೀರಿನಿಂದ ಎತ್ತಲಾಗದು. ಸ್ಪೈರೊನೊಲ್ಯಾಕ್ಟೋನ್ ಹಿಡಿದ ಮೇಲೆ ಎಳನೀರನ್ನೂ ಡಾಕ್ಟರನ್ನು ಕೇಳಿಯೇ ಕುಡಿಯಿರಿ.

ಜ್ವರದ ವಿಷಯದಲ್ಲಿ ಎಚ್ಚರ. ಕಾರ್ಟಿಸಾಲ್ ಜ್ವರವನ್ನು ಮುಚ್ಚಿಡುತ್ತದೆ, ಒಳಗೆ ನ್ಯುಮೋನಿಯಾ ಇದ್ದರೂ ಮೈ ಬೆಚ್ಚಗಷ್ಟೇ ಇರಬಹುದು. ಉಸಿರು ಜೋರಾದರೆ, ಮಂಕಾದರೆ ಅಷ್ಟೇ ಸಾಕು ಹೊರಡಲು. ಬೇಸಿಗೆಯ ಜ್ವರವಾದರೆ ಮಂಗನ ಕಾಯಿಲೆಯದೂ ಪರೀಕ್ಷೆ ಆಗಲಿ, ಆದರೆ ಅದೊಂದೇ ಎಂದು ಕಾಯುತ್ತ ಕೂರಬೇಡಿ. ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಎಣ್ಣೆ ಹಚ್ಚಿ ತಿಕ್ಕಬೇಡಿ. ಮೂಳೆ ಟೊಳ್ಳಾಗಿರುತ್ತದೆ, ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದರೆ ಮುರಿಯುತ್ತದೆ. ಬಚ್ಚಲಿಗೆ ಮಣೆ ಬಿಟ್ಟು ಎತ್ತರದ ಸ್ಟೂಲ್ ಹಾಕಿ. ರಾತ್ರಿಯಿಡೀ ಎದ್ದು ಕೂತು ಸಿಡಿಮಿಡಿಗೊಂಡರೆ, ಇಲ್ಲದ್ದನ್ನು ಕಂಡರೆ, ಅದು ಹಾರ್ಮೋನಿನ ಮಾತು. ಅಕ್ಕ ಇದನ್ನು ತಿಳಿಯದೆ ಎರಡು ತಿಂಗಳು ಅತ್ತಳು.

ಒಂದು ನೋಟ್‌ಬುಕ್ ಇಡಿ. ಒಂದೇ ಸಾಲಿನಲ್ಲಿ ತಾರೀಖು, ಬಿಪಿ, ಶುಗರ್, ತೂಕ, ಪೊಟ್ಯಾಸಿಯಂ, ಮಾತ್ರೆ. ಅಕ್ಕನ ಮನೆಯದು ಅಡಿಕೆ ಮಂಡಿಯವರು ಕೊಟ್ಟ ಲೆಕ್ಕದ ಪುಸ್ತಕ. ಜುಲೈ ಪುಟದಲ್ಲಿ 190/110, 2.4, ಮೂರು ಮಾತ್ರೆ. ಅಕ್ಟೋಬರ್ ಪುಟದಲ್ಲಿ, ಮೂರನೇ ಕೀಮೋ ಮುಗಿದ ವಾರ, 132/80, 4.1, ಒಂದು ಮಾತ್ರೆ. ಅದರ ಮುಂದೆ ಅಕ್ಕನ ಅಕ್ಷರದಲ್ಲಿ "ಇವತ್ತು ಕಟ್ಟೆ ಹಿಡಿಯದೆ ಎದ್ದರು". ಭಾವ ಆ ಸಲದ ಅಡಿಕೆ ಕೊಯ್ಲನ್ನು ಜಗಲಿಯಲ್ಲಿ ಕೂತು ನೋಡಿಕೊಂಡರು. ಮಾರನೇ ವರ್ಷದ ಮಳೆಗಾಲಕ್ಕೆ ಇರಲಿಲ್ಲ. ಪುಸ್ತಕ ನನ್ನ ಹತ್ತಿರ ಇದೆ. ಅದರ ಮೊದಲ ಪುಟದಲ್ಲಿ ನನ್ನ ಕೈಬರಹದ 3.7 ಇದೆ, ಮೇಲೆ ಕೆಂಪು ಶಾಯಿಯ ಗೀಟು.